ಅಂಧ ಓದುಗರಿಗೂ ತೆರೆಯಲಿ ಗ್ರಂಥಾಲಯದ ಜಾಲತಾಣ

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯಿಂದ ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಬರಬೇಕೆಂದರೆ ಬಸ್ಸಿಗೆ ಕಾಯಬೇಕು, ಇಳಿದ ಮೇಲೆ ದಾರಿ ಕೇಳಿಕೊಂಡು ನಡೆಯಬೇಕು. ಕಣ್ಣು ಕಾಣದವರಿಗೆ ಬಹಳ ಸಲ ಜೊತೆಗೊಬ್ಬರು ಬೇಕು. ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋಗುತ್ತದೆ. ಇಷ್ಟೆಲ್ಲ ಮಾಡಿ ಬಂದರೆ ಕಪಾಟಿನ ತುಂಬ ಅಚ್ಚಿನ ಪುಸ್ತಕಗಳು. ಹಾಗಾಗಿ ಗ್ರಂಥಾಲಯ ಆನ್‌ಲೈನ್‌ಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಉಪಕಾರ ಆಗಬೇಕಿದ್ದದ್ದು ಇವರಿಗೆ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ದೃಷ್ಟಿ ನ್ಯೂನತೆ ಇರುವವರು ಸುಮಾರು 2.64 ಲಕ್ಷ. ಆನ್‌ಲೈನ್ ಪುಸ್ತಕಗಳನ್ನು ಇವರೂ ಓದುವಂತೆ ಮಾಡುವ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ.

ಓದುವ ಸಾಧನಕ್ಕೇನೂ ಕೊರತೆಯಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಬರೆಯಲು ಶುರುಮಾಡಿದರು. ಅವರೂ ಅಂಧರೇ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್‌ಗೂ ಕನ್ನಡದ ಧ್ವನಿ ಇದೆ.

ಸಿಕ್ಕು ಬೀಳುವುದು ಕಡತದಲ್ಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್ ತೆರೆದರೆ ಕಣ್ಣಿಗೆ ‘ಕನ್ನಡ’ ಎಂದೇ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಇರುವುದು ಬೇರೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೊಂದು ಎ, ಜರ್ಮನ್ ಭಾಷೆಯದೊಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ತಂತ್ರಾಂಶ ಓದುವುದು ಅದನ್ನೇ. ಒಂದು ಪದಕ್ಕೇ ಈ ಪಾಡಾದರೆ ಮುನ್ನೂರು ಪುಟದ ಇತಿಹಾಸದ ಪುಸ್ತಕ ಕೇಳುವವರ ಗತಿ ಏನು? ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ. ಆದರೂ ಪ್ರಕಾಶಕರ ಬಳಿ ಇರುವ ಎಷ್ಟೋ ಪುಸ್ತಕಗಳ ಕಡತಗಳು ಇಂದಿಗೂ ಹಳೆಯ ಫಾಂಟಿನಲ್ಲೇ ಉಳಿದಿವೆ.

ಸ್ಕ್ಯಾನ್ ಮಾಡಿ ಹಾಕಿದ ಪುಸ್ತಕಗಳದ್ದು ಇನ್ನೊಂದು ಕಷ್ಟ. ಅಲ್ಲಿ ಪುಟವೆಂದರೆ ಬರೀ ಫೋಟೊ. ತಂತ್ರಾಂಶ ಅದನ್ನು ದಾಟಿ ಸುಮ್ಮನೆ ಮುಂದಿನ ಪುಟಕ್ಕೆ ಹೋಗುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಹೀಗೆಯೇ ಬಂದವು.

ಎಷ್ಟೋ ತಾಣಗಳಲ್ಲಿ ಪುಸ್ತಕದ ತನಕ ಹೋಗುವುದೇ ದೊಡ್ಡ ಸಾಹಸ. ಹೆಸರು ಕೊಡದ ಗುಂಡಿಯನ್ನು ತಂತ್ರಾಂಶ ‘ಬಟನ್, ಬಟನ್’ ಎಂದಷ್ಟೇ ಹೇಳುತ್ತದೆ. ನೋಂದಣಿಯ ಕೊನೆಯಲ್ಲಿ ಸೊಟ್ಟ ಅಕ್ಷರಗಳ ಕ್ಯಾಪ್ಚಾ ಚಿತ್ರ ಎದುರಾದರೆ ಅಲ್ಲಿಗೆ ಮುಗಿಯಿತು.

ಇದು ಬದುಕಿನ ಪ್ರಶ್ನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ. ಅದರಲ್ಲಿ ಶೇ 1ರಷ್ಟು ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಉದ್ಯೋಗ ಮೀಸಲಾತಿಯೂ ಇದೆ. ಪಿಡಿಒ, ಎಫ್‌ಡಿಎಯಂಥ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಗಂಗಾವತಿಯ ಯುವಕ ಗ್ರಂಥಾಲಯದಲ್ಲಿ ಕೂತು ಓದುತ್ತಾನೆ. ಅದೇ ಊರಿನ ಅಂಧ ಯುವತಿಗೆ ಅದೇ ಪುಸ್ತಕ ಸಿಗದಿದ್ದರೆ ಮೀಸಲಾತಿ ಕಾಗದದ ಮೇಲೆ ಉಳಿಯುತ್ತದೆ.

ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ಸೀಮೆಯ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟಿದೆ. ಪಂಚಾಕ್ಷರ ಗವಾಯಿಗಳು ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದವರು. ಈ ಋಣ ದೊಡ್ಡದು. ಆದರೆ ಸ್ವರಜ್ಞಾನ ಇಲ್ಲದ ಹುಡುಗನಿಗೂ ಒಂದು ದಾರಿ ಬೇಕಲ್ಲ? ಕಾನೂನು, ಅರ್ಥಶಾಸ್ತ್ರ, ಕಾದಂಬರಿ ಓದಬೇಕೆನ್ನುವವರಿಗೆ ಆ ದಾರಿ ತೆರೆಯಬೇಕಾದದ್ದು ಸಾರ್ವಜನಿಕ ಗ್ರಂಥಾಲಯ.

ಕಾನೂನು ಸ್ಪಷ್ಟವಾಗಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಸಾಧ್ಯತೆಯ ನಿಯಮಗಳು ಬರೀ ಸಲಹೆಯಾಗಿ ಇರಬಾರದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಹಕ್ಕುಸ್ವಾಮ್ಯದ ನೆಪವೂ ನಡೆಯದು. ಅಂಧರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಅದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ.

ದಾರಿ ತೋರಿಸಿದವರೂ ಇದ್ದಾರೆ. ‘ವಚನ ಸಂಚಯ’ ಜಾಲತಾಣ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ನಲ್ಲಿ ಇಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಕನ್ನಡದ ಅಚ್ಚಿನ ಪುಟವನ್ನು ಪಠ್ಯವಾಗಿ ಬದಲಿಸುತ್ತದೆ. ಕೇಂದ್ರ ಸರ್ಕಾರದ ‘ಸುಗಮ್ಯ ಪುಸ್ತಕಾಲಯ’ 2016ರಿಂದ ಅಂಧರಿಗೆ ಓದಲು ಬರುವ ರೂಪದಲ್ಲೇ ಪುಸ್ತಕ ಕೊಡುತ್ತಿದೆ. ನುಡಿಯ ಹಳೆಯ ಕಡತವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಅಂಧರ ಮನೆಯವರೂ ಕಟ್ಟುತ್ತಾರೆ. ಆ ಹಣದಲ್ಲಿ ಕೊಳ್ಳುವ ಇ-ಪುಸ್ತಕ ಯೂನಿಕೋಡ್‌ನಲ್ಲೇ ಇರಬೇಕೆಂದು ಗ್ರಂಥಾಲಯ ಇಲಾಖೆ ಖರೀದಿಯ ಷರತ್ತಿನಲ್ಲಿ ಸೇರಿಸಲಿ. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಪಠ್ಯಪುಸ್ತಕ ಮತ್ತು ಪರೀಕ್ಷೆಯ ಪುಸ್ತಕಗಳನ್ನು ಮೊದಲು ಪಠ್ಯಕ್ಕೆ ತರಲಿ. ಅರಿವು ಕೇಂದ್ರದ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿ, ಮೇಲ್ವಿಚಾರಕರಿಗೆ ಅದರ ಬಳಕೆ ಕಲಿಸಲಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಊರಿನಲ್ಲಿ ಯಾರಿಗೆ ಕಣ್ಣಿಲ್ಲ, ಯಾರು ಓದಲು ಬಯಸುತ್ತಾರೆ ಎಂಬುದು ಗೊತ್ತಿರುತ್ತದೆ. ಅವರ ಮೂಲಕ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಅಂಧ ಓದುಗರನ್ನು ಕರೆಸಿ, ಗೌರವಧನ ಕೊಟ್ಟು, ತಾಣವನ್ನು ಅವರಿಂದಲೇ ಪರೀಕ್ಷೆ ಮಾಡಿಸಲಿ. ನೋಂದಣಿಯಿಂದ ಹಿಡಿದು ಪುಸ್ತಕದ ಮೊದಲ ಅಧ್ಯಾಯದವರೆಗೆ ಅವರು ಯಾರ ನೆರವೂ ಇಲ್ಲದೆ ಹೋಗಿ ಬಂದ ಮೇಲಷ್ಟೇ ತಾಣ ಕಟ್ಟಿದ ಕಂಪನಿಯ ಬಿಲ್ಲಿಗೆ ಸಹಿ ಬೀಳಲಿ.