ತೊಟ್ಟಿಕ್ಕುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ

ಹೋದ ತಿಂಗಳು ಒಂದು ಶುಕ್ರವಾರ ರಾತ್ರಿ ತಿಪಟೂರಿಂದ ಅಮ್ಮ ಫೋನ್ ಮಾಡಿದಳು. "ನಿಮ್ಮಪ್ಪನ ಗಾಡಿ ಕೀ ಬಚ್ಚಿಟ್ಟಿದೀನಿ. ನೀನು ಬಂದು ನೋಡೋವರೆಗೂ ಕೊಡಲ್ಲ" ಅಂದಳು. ಹಿಂದಿನಿಂದ ಅಪ್ಪನ ಗೊಣಗಾಟ ಕೇಳಿಸುತ್ತಿತ್ತು.

ವಿಷಯ ಇಷ್ಟು. ಮಂಡಿ ಆಪರೇಷನ್ ಆದಮೇಲೆ ಅಪ್ಪ ಎಂಟು ತಿಂಗಳು ಬೈಕ್ ಮುಟ್ಟಿರಲಿಲ್ಲ. ಅವರ ಹಳೇ 100 ಸಿಸಿ ಗಾಡಿ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಡಾಕ್ಟರ್ ಓಡಿಸಬಹುದು ಅಂದಿದ್ದೇ ತಡ, ಅಪ್ಪ ಮತ್ತೆ ತೆಂಗಿನ ತೋಟಕ್ಕೆ ಹೊರಟರು. ಮನೆಯಿಂದ 4 ಕಿಲೋಮೀಟರ್. ಮೂರನೇ ದಿನ ಕೆರೆ ಏರಿ ತಿರುವಿನಲ್ಲಿ ಹಿಂದಿನ ಚಕ್ರ ಸರ್ರನೆ ಜಾರಿತು. ಬೀಳಲಿಲ್ಲ, ಕಾಲು ಕೊಟ್ಟು ನಿಂತರು. ಆದರೆ ಕೊಟ್ಟಿದ್ದು ಆಪರೇಷನ್ ಆದ ಕಾಲು. ಮನೆಗೆ ಬಂದು ನೋಡಿದರೆ ಹಿಂದಿನ ಟೈರಿನ ಎಡಪಕ್ಕ ಪೂರ್ತಿ ಆಯಿಲ್.

ಊರಿನ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ, "ಇಂಜಿನ್ ಇಳಿಸಬೇಕು, ಏಳೆಂಟು ಸಾವಿರ ಆಗುತ್ತೆ" ಅಂದರಂತೆ. ಪಕ್ಕದ ಮನೆಯವರು "ಮಾರಿಬಿಡಿ, ಹತ್ತು ಸಾವಿರ ಕೊಡಿಸ್ತೀನಿ" ಅಂದರಂತೆ. ಅಮ್ಮನಿಗೂ ಅದೇ ಸರಿ ಅನಿಸಿತ್ತು. ಆದರೆ ಅಪ್ಪನಿಗೆ ಆ ಗಾಡಿ ಅಂದ್ರೆ ಯಾರನ್ನೂ ಕಾಯದೆ, ಯಾರನ್ನೂ ಕೇಳದೆ ತೋಟಕ್ಕೆ ಹೋಗಿಬರೋದು. ಅದು ಹೋದರೆ ಏನು ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಶನಿವಾರ ಬೆಳಗಿನ ರೈಲು ಹತ್ತಿದೆ.

ಹೋದವನೇ ಮೊದಲು ಮಾಡಿದ್ದು ತಪ್ಪು ಕೆಲಸ. ಇಂಜಿನ್ ಅಡಿಯಲ್ಲಿ ಡ್ರೈನ್ ಬೋಲ್ಟ್ ತುದಿಗೆ ಒಂದು ಹನಿ ನೇತಾಡುತ್ತಿತ್ತು. ಸಿಕ್ಕಿಬಿತ್ತು ಕಳ್ಳ ಅಂದುಕೊಂಡು ಸ್ಪ್ಯಾನರ್ ಹಾಕಿ ಬಿಗಿದೆ. ಇನ್ನೊಂದು ಸುತ್ತು ಬಿಗಿಯೋಣ ಅನ್ನುವಷ್ಟರಲ್ಲಿ ಅಪ್ಪ, "ಸಾಕು ಬಿಡೋ, ತ್ರೆಡ್ ಹೋಗುತ್ತೆ" ಅಂದರು. ಅವರು ಹೇಳಿದ್ದು ಸರಿ. ಬೋಲ್ಟ್ ಉಕ್ಕಿನದು, ಅದು ಕೂರುವ ಇಂಜಿನ್ ಕೇಸ್ ಅಲ್ಯೂಮಿನಿಯಂ. ಜೋರು ಮಾಡಿದರೆ ಸೋಲೋದು ಕೇಸೇ. ಸೋರಿಕೆ ಸರಿಮಾಡೋಕೆ ಹೋಗಿ ತ್ರೆಡ್ ಹಾಳುಮಾಡಿಕೊಂಡರೆ, ಆ ರಿಪೇರಿಯ ಖರ್ಚು ಮೊದಲಿನ ಸೋರಿಕೆಗಿಂತ ದೊಡ್ಡದು. ಅಲ್ಲಿ ಸೋರುತ್ತಿದ್ದರೂ ಸಾಮಾನ್ಯವಾಗಿ ಬೇಕಾಗೋದು ಹೊಸ ವಾಷರ್, ಹೆಚ್ಚಿನ ಬಲ ಅಲ್ಲ.

ಇಷ್ಟಕ್ಕೂ ಹನಿ ಅಲ್ಲಿ ನೇತಾಡುತ್ತಿದ್ದದ್ದು ಯಾಕೆ? ಇಂಜಿನ್ನಿನಲ್ಲಿ ಅದೇ ಅತ್ಯಂತ ತಗ್ಗಿನ ಜಾಗ. ಊರಿನ ಮಳೆನೀರೆಲ್ಲ ಕೆರೆಗೆ ಸೇರುವ ಹಾಗೆ, ಎಲ್ಲೇ ಸೋರಿದರೂ ಆಯಿಲ್ ಕೊನೆಗೆ ಅಲ್ಲಿಗೇ ಬರುತ್ತೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತೆ. ಅಂದರೆ ನಮಗೆ ಕಾಣೋ ಒದ್ದೆಯ ಕೆಳಗಲ್ಲ, ಅದರ ಮೇಲೆ ಮತ್ತು ಮುಂದೆ ಹುಡುಕಬೇಕು. ಆಫೀಸಲ್ಲಿ ನಾವು ದಿನಾ ನೋಡೋದೂ ಇದೇ ಅಲ್ವಾ? ಎರರ್ ತೋರಿಸಿದ ಸಾಲಿನಲ್ಲಿ ಬಗ್ ಇರೋದು ಅಪರೂಪ.

ಸೋರುತ್ತಿರುವುದು ಏನು ಅನ್ನೋದು ಮೊದಲ ಪ್ರಶ್ನೆ. ಪೆಟ್ರೋಲ್ ಆದರೆ ವಾಸನೆಯಲ್ಲೇ ಗೊತ್ತಾಗುತ್ತೆ, ಗಾಡಿ ಸ್ಟಾರ್ಟ್ ಮಾಡದೆ ನೇರ ಗ್ಯಾರೇಜಿಗೆ ಹೇಳಿಕಳಿಸಿ. ಮುಂದಿನ ಫೋರ್ಕ್ ಹತ್ತಿರ ಮಾತ್ರ ಜಿಡ್ಡಿದ್ದರೆ ಅದು ಫೋರ್ಕ್ ಆಯಿಲ್, ಅದರ ಕಥೆಯೇ ಬೇರೆ. ಹಿಂದಿನ ರಿಮ್ ಮೇಲೆ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಚೈನಿಗೆ ಹಾಕಿದ ಎಣ್ಣೆ ಜಾಸ್ತಿಯಾಗಿ ಸಿಡಿದಿರಬಹುದು. ನಮ್ಮದು ಕಂದುಗಪ್ಪು, ಬೆರಳಲ್ಲಿ ನುಣ್ಣಗೆ ಜಾರುವಂಥದ್ದು. ಡಿಪ್‌ಸ್ಟಿಕ್ ನೋಡಿದರೆ ಮಟ್ಟ ಕೆಳಗಿನ ಗೆರೆಗೆ ಇಳಿದಿತ್ತು. ಇಂಜಿನ್ ಆಯಿಲ್ಲೇ. ಈ ಗಾತ್ರದ ಇಂಜಿನ್ನಿನಲ್ಲಿ ಇರೋದೇ ಸುಮಾರು ಒಂದು ಲೀಟರ್. ಕೆಳಗಿನ ಗೆರೆಗಿಂತ ಇಳಿದಮೇಲೂ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು, ಆಗ ನಿಜವಾಗಿಯೂ ಇಂಜಿನ್ ಇಳಿಸಬೇಕಾಗುತ್ತೆ. ಅದಕ್ಕೇ ಮೊದಲು ಮೇಲಿನ ಗೆರೆವರೆಗೆ ಆಯಿಲ್ ತುಂಬಿಸಿದೆ.

ಆಮೇಲೆ ಅರ್ಧ ದಿನ ಬರೀ ತೊಳೆಯೋ ಕೆಲಸ. ಎಂಟು ತಿಂಗಳ ಧೂಳು, ಅದರ ಮೇಲೆ ಆಯಿಲ್, ಅದರ ಮೇಲೆ ಮತ್ತೆ ಧೂಳು. ಈ ಮಣ್ಣಿನಲ್ಲಿ ಸೋರಿಕೆ ಹುಡುಕೋಕೆ ಆಗಲ್ಲ. ಇಂಜಿನ್ ಪೂರ್ತಿ ತಣ್ಣಗಾದಮೇಲೆ ಸೀಮೆಎಣ್ಣೆ, ಹಳೇ ಹಲ್ಲುಜ್ಜೋ ಬ್ರಷ್, ಬಟ್ಟೆ. ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ ಒಳಗೂ ಕೆರೆದೆ. ಎಲ್ಲ ಒರೆಸಿ, ಒಣಗಿಸಿ, ಅಮ್ಮನ ಪೌಡರ್ ಡಬ್ಬ ತಂದೆ. "ಗಾಡಿಗೆ ಹೆಣ್ಣು ನೋಡೋಕೆ ಹೋಗ್ತಿದೀರಾ?" ಅಂದಳು ಅಮ್ಮ. ಬಹಳ ಹಳೇ ಉಪಾಯ ಇದು. ಒಣಗಿದ ಇಂಜಿನ್ ಮೇಲೆ ತೆಳ್ಳಗೆ ಪೌಡರ್ ಉದುರಿಸಿ ಸ್ಟಾರ್ಟ್ ಮಾಡಬೇಕು. ಆಯಿಲ್ ಎಲ್ಲಿ ಹುಟ್ಟುತ್ತೋ ಅಲ್ಲಿಂದ ಬಿಳುಪಿನ ಮೇಲೆ ಕಪ್ಪು ಗೆರೆ ಎಳೆದುಕೊಂಡು ಬರುತ್ತೆ.

ಹತ್ತು ನಿಮಿಷ ಓಡಿಸಿ ಟಾರ್ಚ್ ಹಿಡಿದು ಮೇಲಿಂದ ನೋಡುತ್ತಾ ಬಂದೆ. ಟ್ಯಾಪೆಟ್ ಕವರ್ ಒಣ. ಸಿಲಿಂಡರ್ ಬುಡದ ಪ್ಯಾಕಿಂಗ್ ಒಣ. ಮ್ಯಾಗ್ನೆಟ್ ಕವರ್ ಅಂಚು ಒಣ. ಗೇರ್ ಲಿವರ್ ಹಾಕುವ ಶಾಫ್ಟ್ ಹೊರಗೆ ಬರುತ್ತಲ್ಲ, ಅದರ ಸುತ್ತ ಒಂದು ಕಪ್ಪು ಉಂಗುರ. ಅಲ್ಲಿಂದ ಕೆಳಗೆ ಗೆರೆ, ಒಂದು ಕವಲು ಚೈನ್ ಕಡೆಗೆ. ಟೈರಿಗೆ ಆಯಿಲ್ ಬಂದ ದಾರಿ ಅದೇ.

ಶಾಫ್ಟ್ ಆಯಿಲ್ ಸೀಲ್ ಅಂಗಡಿಯಲ್ಲಿ 40 ರೂಪಾಯಿ. ಏಳೆಂಟು ಸಾವಿರ ಎಲ್ಲಿ, 40 ಎಲ್ಲಿ! ಆಯಿಲನ್ನು ಸ್ವಚ್ಛ ಪಾತ್ರೆಗೆ ಇಳಿಸಿ, ಗೇರ್ ಲಿವರ್ ಬಿಚ್ಚಿ, ಹಳೇ ಸೀಲನ್ನು ಶಾಫ್ಟಿಗೆ ಗೀರು ಬೀಳದ ಹಾಗೆ ಸಣ್ಣ ಕೊಕ್ಕೆಯಲ್ಲಿ ಎಬ್ಬಿಸಿದೆ. ಗೀರು ಬಿದ್ದರೆ ಹೊಸ ಸೀಲೂ ಸೋರುತ್ತೆ. ಹೊಸದರ ತುಟಿಗೆ ಆಯಿಲ್ ಸವರಿ, ಅದೇ ಅಳತೆಯ ಸಾಕೆಟ್ ಇಟ್ಟು, ಸೊಟ್ಟ ಆಗದ ಹಾಗೆ ಮೆಲ್ಲಗೆ ತಟ್ಟಿ ಕೂರಿಸಿದೆ. ಆಯಿಲ್ ವಾಪಸ್ ತುಂಬಿದೆ. ರಾತ್ರಿ ಊಟಕ್ಕೆ ಕೂತಾಗ ನಾನೇ ದೊಡ್ಡ ಮೆಕ್ಯಾನಿಕ್.

ಭಾನುವಾರ ಬೆಳಗ್ಗೆ ಹತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ, ಹೊಸ ಸೀಲ್ ಸುತ್ತ ಮತ್ತೆ ಅದೇ ಕಪ್ಪು ಉಂಗುರ.

ಅಪ್ಪ ಏನೂ ಅನ್ನಲಿಲ್ಲ. ಜಗಲಿ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ, "ಹೋಗ್ಲಿ ಬಿಡು ಮಗಾ, ಅವರಿಗೇ ಕೊಟ್ಟುಬಿಡೋಣ" ಅಂದರು. ಬೈದಿದ್ದರೆ ಚೆನ್ನಾಗಿರ್ತಿತ್ತು ಅನಿಸಿತು.

ಸುಮ್ಮನೆ ಆಯಿಲ್ ಮಟ್ಟ ನೋಡೋಣ ಅಂತ ಡಿಪ್‌ಸ್ಟಿಕ್ ತಿರುಗಿಸಿದೆ. ಇಂಜಿನ್ ಈಗಷ್ಟೇ ಆಫ್ ಆಗಿತ್ತು. ಮುಚ್ಚಳ ಸಡಿಲ ಆಗಿದ್ದೇ "ಫುಸ್" ಅಂತ ಗಾಳಿ ಹೊರಗೆ ಬಂತು. ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತಿ, "ಏನೋ ಅದು, ಕುಕ್ಕರ್ ತರ ಸದ್ದು ಮಾಡುತ್ತೆ? ಬೇಳೆ ಸಿಕ್ಕಾಕ್ಕೊಂಡು ವಿಷಲ್ ಕೂಗದೇ ಇದ್ರೆ ಪಕ್ಕದಿಂದ ಉಗಿ ಬರುತ್ತಲ್ಲ, ಹಂಗೆ" ಅಂದಳು.

ನಾನು ಎರಡು ನಿಮಿಷ ಹಾಗೇ ನಿಂತುಬಿಟ್ಟೆ.

ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರ ಕೆಳಗಿರುವ ಗಾಳಿಯನ್ನು ಒತ್ತುತ್ತೆ. ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 67 ಸಲ. ಜೊತೆಗೆ ಮೇಲೆ ಉರಿದ ಅನಿಲ ಸ್ವಲ್ಪ ರಿಂಗುಗಳ ಸಂದಿಯಿಂದ ಕೆಳಗೆ ನುಸುಳುತ್ತಲೇ ಇರುತ್ತೆ. ಈ ಒತ್ತಡ ಹೊರಗೆ ಹೋಗಲಿ ಅಂತಲೇ ಇಂಜಿನ್ನಿಗೆ ಒಂದು ರಬ್ಬರ್ ಪೈಪ್ ಇರುತ್ತೆ, ಬ್ರೀದರ್ ಅಂತ. ಈಗಿನ ಬೈಕುಗಳಲ್ಲಿ ಅದು ಏರ್ ಫಿಲ್ಟರ್ ಡಬ್ಬಕ್ಕೆ ಸೇರಿರುತ್ತೆ. ಅಪ್ಪನ ಗಾಡಿಯಲ್ಲಿ ಅದರ ಬಾಯಿ ಇಂಜಿನ್ ಹಿಂದೆ ಕೆಳಮುಖವಾಗಿ ತೆರೆದುಕೊಂಡಿದೆ. ಆ ಬಾಯಿ ಕಟ್ಟಿಕೊಂಡರೆ ಒತ್ತಡ ಬೇರೆ ದಾರಿ ಹುಡುಕುತ್ತೆ. ಎಲ್ಲಕ್ಕಿಂತ ದುರ್ಬಲ ಸೀಲ್ ಯಾವುದೋ ಅಲ್ಲಿಂದ ಆಯಿಲನ್ನು ಹೊರಗೆ ನೂಕುತ್ತೆ. ಹೊಸ ಸೀಲ್ ಹಾಕಿದರೂ ಅಷ್ಟೇ.

ಪೈಪ್ ಎಳೆದು ಬಾಯಿ ನೋಡಿದೆ. ಮಣ್ಣು. ಗಟ್ಟಿ, ನುಣ್ಣಗೆ ಮೆತ್ತಿದ ಮಣ್ಣು. ಕಡ್ಡಿ ಹಾಕಿ ಕೆರೆದರೆ ಒಳಗಿಂದ ಒಣಗಿದ ಪುಟ್ಟ ಪುಟ್ಟ ಜೇಡಗಳು ಉದುರಿದವು. "ಅಯ್ಯೋ, ಕುಂಬಾರ ಹುಳ!" ಅಂದಳು ಅಮ್ಮ. ಮಣ್ಣಿನ ಗೂಡು ಕಟ್ಟುವ ಕಡಜ. ಮರಿಗೆ ಆಹಾರ ಆಗಲಿ ಅಂತ ಜೇಡಗಳನ್ನು ತುಂಬಿ, ಮೊಟ್ಟೆ ಇಟ್ಟು, ಬಾಯಿ ಮುಚ್ಚಿ ಹೋಗಿತ್ತು. ಎಂಟು ತಿಂಗಳು ಅಲುಗಾಡದೆ ನಿಂತ ಗಾಡಿಯ ಪೈಪು ಅದಕ್ಕೆ ಒಳ್ಳೇ ಮನೆ. ಕೊಟ್ಟಿಗೆಯ ತೊಲೆ ಮೇಲೆ ಇನ್ನೂ ನಾಲ್ಕೈದು ಗೂಡು ಇದ್ದವು. ಎರಡು ದಿನ ಅದರ ಕೆಳಗೇ ಕೂತು ಕೆಲಸ ಮಾಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ.

ಪೈಪನ್ನು ಬಿಚ್ಚಿ, ತೊಳೆದು, ಆ ತುದಿಯಿಂದ ಈ ತುದಿಗೆ ಊದಿ ಸರಾಗ ಆಗಿದ್ದು ಖಾತ್ರಿ ಮಾಡಿಕೊಂಡು ಹಾಕಿದೆ. ಇಂಜಿನ್ ಒರೆಸಿ ಮತ್ತೆ ಪೌಡರ್. ಈ ಸಲ ಇಪ್ಪತ್ತು ಕಿಲೋಮೀಟರ್. ವಾಪಸ್ ಬಂದಾಗ ಶಾಫ್ಟ್ ಸುತ್ತ ಪೌಡರ್ ಹಾಕಿದ ಹಾಗೇ ಇತ್ತು. ಡಿಪ್‌ಸ್ಟಿಕ್ ತಿರುಗಿಸಿದರೆ ಸದ್ದಿಲ್ಲ.

ಅಲ್ಲಿಗೆ ಕೆಲಸ ಮುಗಿದಿಲ್ಲ ಅನ್ನೋದನ್ನ ಮರೆಯಬೇಡಿ. ಅಪ್ಪನನ್ನು ಬೀಳಿಸೋಕೆ ಬಂದಿದ್ದು ಇಂಜಿನ್ ಅಲ್ಲ, ಟೈರ್ ಮೇಲಿನ ಆಯಿಲ್. ಟ್ರಯಲ್ಲಿಗೆ ಹೊರಡುವ ಮುಂಚೆಯೇ ಟೈರನ್ನು ಸೋಪಿನ ಪುಡಿ, ನೀರು ಹಾಕಿ ಉಜ್ಜಿ ಒಣಗಿಸಿದ್ದೆ. ಟೈರಿಗೆ ಸೀಮೆಎಣ್ಣೆ ತಾಗಿಸಬೇಡಿ, ರಬ್ಬರ್ ಹಾಳು. ಹಿಂದಿನ ಡ್ರಮ್ ಒಳಗೆ ಆಯಿಲ್ ಇಳಿದಿಲ್ಲ ಅಂತಲೂ ನೋಡಬೇಕು. ಬ್ರೇಕ್ ಶೂ ಆಯಿಲ್ ಕುಡಿದಿದ್ದರೆ ಒರೆಸಿ ಪ್ರಯೋಜನ ಇಲ್ಲ, ಬದಲಾಯಿಸಿ.

ನಿಮ್ಮ ಬೈಕ್ ಕೆಳಗೂ ಕಪ್ಪು ಕಲೆ ಕಂಡರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಮೊದಲು ಮಟ್ಟ ನೋಡಿ, ಆಮೇಲೆ ತೊಳೆಯಿರಿ, ಅತ್ಯಂತ ಮೇಲಿನ ಒದ್ದೆ ಜಾಗ ಹುಡುಕಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹೊಸ ಸೀಲೂ ಸೋರಿದರೆ ಬ್ರೀದರ್ ನೋಡಿ. ಸಿಲಿಂಡರ್ ಹೆಡ್ಡಿನಿಂದಲೋ ಇಂಜಿನ್ ಕೇಸಿನ ನಡು ಜೋಡಣೆಯಿಂದಲೋ ಸೋರುತ್ತಿದ್ದರೆ ಅದು ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಒಳ್ಳೇ ಮೆಕ್ಯಾನಿಕ್ ಹತ್ತಿರ ಹೋಗಿ. ಹೋಗುವಾಗ ಆ ಪೌಡರ್ ಗೆರೆಯ ಫೋಟೋ ತಗೊಂಡು ಹೋಗಿ. ತೊಟ್ಟಿಕ್ಕುವ ಹನಿಯನ್ನಷ್ಟೇ ನೋಡಿದರೆ ಅವರೂ ಅಂದಾಜಿನ ಮೇಲೇ ಹೇಳಬೇಕಾಗುತ್ತೆ. ನಾನೂ ಮೊದಲು ಹಾಗೇ ಮಾಡಿದ್ದಲ್ವಾ?

ಭಾನುವಾರ ಸಂಜೆ ರೈಲಿಗೆ ಹೊರಟಾಗ ಅಮ್ಮ ಕೀ ತಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳಂತೆ. ಅಪ್ಪನಿಗೆ ಒಂದೇ ಮಾತು ಹೇಳಿದೆ, ರಾತ್ರಿ ಗಾಡಿ ಕೆಳಗೆ ಪೇಪರ್ ಹಾಸಿ, ಬೆಳಗ್ಗೆ ಎದ್ದು ನೋಡಿ ಅಂತ.

ಈಗ ದಿನಾ ಬೆಳಗ್ಗೆ ಆರೂವರೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬರುತ್ತೆ. ನಿನ್ನೆಯ ಪೇಪರ್, ಒಂದೂ ಕಲೆ ಇಲ್ಲ. ಕೆಳಗೆ ಅಪ್ಪನ ಎರಡೇ ಪದ: "ತೋಟಕ್ಕೆ ಹೊರಟೆ."