ದತ್ತೂರವನ್ನು ದತ್ತೂರವೆಂದೇ ಕರೆಯೋಣ

ಅಮೆರಿಕದ ಆರಿಜೋನಾ ಮರುಭೂಮಿಯಲ್ಲಿ ಸಂಜೆಗೆ ಅರಳುವ ಒಂದು ಬಿಳಿಯ ಕಾಡುಹೂವಿನ ಚಿತ್ರವನ್ನು ಈಚೆಗೆ ನಮ್ಮ ಗೆಳೆಯರ ಬಳಗದಲ್ಲಿ ಕಂಡೆವು. ಹೆಚ್ಚುಕಡಿಮೆ ಗೇಣುದ್ದದ ತುತ್ತೂರಿ. ಅಂಚಿನಲ್ಲಿ ನೂಲಿನಂತೆ ಚಾಚಿದ ಐದು ತುದಿಗಳು. ಕಂಪು ಅಂಗಳವನ್ನೆಲ್ಲ ತುಂಬುತ್ತದೆಯೆಂದು ಕಳುಹಿಸಿದವರ ಒಕ್ಕಣೆ. ಹೆಸರು 'ಮೂನ್‌ಫ್ಲವರ್'. ಕೂಡಲೇ ಒಬ್ಬರು ಅದನ್ನು 'ಚಂದ್ರಪುಷ್ಪ'ವೆಂದು ಕನ್ನಡಿಸಿದರು. ಇನ್ನೊಬ್ಬರು ಬಾಲ್ಕನಿಯ ಕುಂಡಕ್ಕಾಗಿ ಬೀಜ ಕೇಳಿದರು. ಬೀಜದ ಮಾತು ಬಾರದಿದ್ದರೆ ನಾವು ಬಹುಶಃ ಸುಮ್ಮನಿರುತ್ತಿದ್ದೆವು.

ಅದು ದತ್ತೂರ. ಸಸ್ಯಶಾಸ್ತ್ರದಲ್ಲಿ ಡಟೂರಾ ರೈಟಿಯೈ. ನಮ್ಮಲ್ಲಿ ಪಾಳುಗೋಡೆಯ ಮಗ್ಗುಲಲ್ಲಿ ಬೆಳೆದು ಶಿವನ ಮುಡಿಗೇರುವ ಉಮ್ಮತ್ತಿಯ ಒಡಹುಟ್ಟು. ಬೇರಿನಿಂದ ಬೀಜದವರೆಗೆ ಇಡೀ ಗಿಡವೇ ವಿಷ: ಅಟ್ರೋಪಿನ್, ಸ್ಕೋಪಲಮೀನ್ ಮುಂತಾದವು ಅದರಲ್ಲಿವೆ. ಇಂಗ್ಲಿಷ್ ಭಾಷೆಯೋ ಅದೇ 'ಮೂನ್‌ಫ್ಲವರ್' ಎಂಬ ಹೆಸರನ್ನು ಐಪೋಮಿಯಾ ಆಲ್ಬಾ ಎಂಬ ಬಳ್ಳಿಗೂ ಕೊಟ್ಟಿದೆ. ಅದರ ಹೂವೂ ಬಿಳಿ, ಅದೂ ಸಂಜೆಯೇ ಅರಳಿ ಘಮಘಮಿಸುವುದು. ಹೂವನ್ನಷ್ಟೇ ನೋಡಿದವರು ಮೋಸಹೋಗುವುದು ಇಲ್ಲಿಯೇ. ಗಿಡವನ್ನು ನೋಡಬೇಕು. ದತ್ತೂರ ಹಬ್ಬಿ ಏರುವ ಬಳ್ಳಿಯಲ್ಲ, ನೆಲದ ಮೇಲೆ ಪೊದೆಯಾಗಿ ಹರಡುತ್ತದೆ. ಎಲೆ ಬೂದುಹಸಿರು, ಹಿಸುಕಿದರೆ ದುರ್ವಾಸನೆ. ಕಾಯಿ ಗುಂಡಗೆ, ಮೈತುಂಬ ಮುಳ್ಳು, ತಲೆ ಕೆಳಗೆ ಮಾಡಿ ಜೋತಿರುತ್ತದೆ. ಇರುಳಲ್ಲಿ ಅದರ ಮಧುವಿಗೆ ಬರುವ ದೊಡ್ಡ ಪತಂಗದ ಮರಿಹುಳುಗಳು ಆ ವಿಷದೆಲೆಗಳನ್ನೇ ತಿಂದು ಬೆಳೆಯುತ್ತವೆ. (ಸರ್ಕಾರಿ ಕಡತದ ಇಲಿಗಳ ನೆನಪು ನಮಗೆ ಬಂದರೆ ಓದುಗರು ಕ್ಷಮಿಸಬೇಕು.)

'ಚಂದ್ರಪುಷ್ಪ'ದ ಬಗೆಗೆ ನಮ್ಮ ತಕರಾರು ಇಷ್ಟೇ: ಅದು ಇಂಗ್ಲಿಷಿನ ಗೊಂದಲವನ್ನು ಹಾಗೆಯೇ ಹೊತ್ತು ತಂದು, ಮೇಲೆ ಸಂಸ್ಕೃತದ ಶಾಲು ಹೊದಿಸುತ್ತದೆ. ಡಟೂರಾ ಎಂಬ ಕುಲನಾಮವೇ ಸಂಸ್ಕೃತದ 'ಧತ್ತೂರ'ದಿಂದ ಹೋದದ್ದು. ನಮ್ಮ ಕಡೆಯಿಂದ ಹೋದ ಹೆಸರನ್ನು ಮರೆತು ಅಲ್ಲಿಂದ ಮತ್ತೊಂದನ್ನು ಎರವಲು ತರುವುದು ವಿಚಿತ್ರ. ಇಂಗ್ಲಿಷ್ ಎಂ.ಎ. ಓದಿ, ಊರಿನಿಂದ ದೂರ ಉಳಿದ ನಮ್ಮಂಥವರಿಗೇ ಈ ಚಾಳಿ ಹೆಚ್ಚು ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ದತ್ತೂರವೆಂದರೆ ಕಾವ್ಯ ಕೆಡುತ್ತದೆ ಎಂದು ಒಬ್ಬ ಮಿತ್ರರು ವಾದಿಸಿದರು. ಜಾರ್ಜಿಯಾ ಓಕೀಫ್ 1932ರಲ್ಲಿ ದತ್ತೂರದ ಹೂವನ್ನು ದೊಡ್ಡ ಕ್ಯಾನ್ವಾಸಿನ ತುಂಬ ಬಿಡಿಸಿದ ಚಿತ್ರವೊಂದಿದೆ. ಅದರ ಹೆಸರು 'ಜಿಮ್ಸನ್ ವೀಡ್', ಅಂದರೆ ಕಳೆ. 2014ರ ಹರಾಜಿನಲ್ಲಿ ಅದು 4.44 ಕೋಟಿ ಡಾಲರಿಗೆ ಹೋಯಿತು. ಕಳೆ ಎಂದು ಕರೆದುದರಿಂದ ಹೂವಿನ ಬಿಳುಪೇನೂ ಮಾಸಲಿಲ್ಲ.

ಬೀಜ ಕೇಳಿದವರಿಗೆ ಕೊನೆಗೆ ನಾವೇ ಫೋನು ಮಾಡಿ ಹೆಸರು ಹೇಳಿದೆವು. ಕ್ಷಣ ಸುಮ್ಮನಿದ್ದು, "ಅಯ್ಯೋ, ಅದು ನಮ್ಮ ಹಿತ್ತಿಲಲ್ಲೇ ಇತ್ತಲ್ಲ ಸಾರ್! ಅಜ್ಜಿ ಮುಟ್ಟಗೊಡುತ್ತಿರಲಿಲ್ಲ" ಎಂದರು.