ಉಪಗೂಹನವೋ, ಉಪೇಕ್ಷೆಯೋ?

ಯಡೂರಿನಂಥ ಕೃಷ್ಣಾತೀರದ ಊರುಗಳಲ್ಲಿ ಶ್ರಾವಕರ ಮನೆಯ ಸೊಸೆಯೊಬ್ಬಳು ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾತು ಬಿಟ್ಟು ಕುಳಿತರೆ, ‘ಆರ್ತಧ್ಯಾನ ಬಿಡು, ಣಮೋಕಾರ ಜಪಿಸು’ ಎಂಬ ಉಪದೇಶ ಕೂಡಲೇ ದೊರೆಯುತ್ತದೆ. ಆಪ್ತ ಸಮಾಲೋಚಕರ ಹೆಸರೆತ್ತಿದರೆ ಮನೆತನದ ಮಾನ ಅಡ್ಡ ಬರುತ್ತದೆ. ಈ ಮುಚ್ಚುಮರೆಗೆ ಉಪಗೂಹನವೆಂದು ಶಾಸ್ತ್ರದ ಹೆಸರಿಡುವವರೂ ಇದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಿಗೇ ಬರುವುದು ಸ್ಥಿತಿಕರಣ. ಜಾರುವವರನ್ನು ಹಿಡಿದು ನಿಲ್ಲಿಸುವುದು. ಐದನೆಯದನ್ನು ಹಿಡಿದು ಆರನೆಯದನ್ನು ಬಿಟ್ಟವರಿಗೆ ಶಾಸ್ತ್ರದ ಆಸರೆ ಎಲ್ಲಿಯದು?

ಪಟ್ಟಣದ ಸಮಾಲೋಚಕರ ಬಗ್ಗೆ ಕುಟುಂಬಗಳಿಗಿರುವ ಅಳುಕೇನೂ ಪೂರ್ತಿ ಹುಸಿಯಲ್ಲ. ದಶಲಕ್ಷಣ ಪರ್ವದ ಉಪವಾಸವನ್ನೇ ರೋಗವೆಂದು ಬಗೆಯುವವರ ಮುಂದೆ ಬಾಯಿ ಬಿಡುವುದೆಂತು? 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ತಡೆ ನೀಡಬೇಕಾಯಿತು. ಆದರೆ ಖಿನ್ನತೆಯಿಂದ ಅನ್ನ ಬಿಟ್ಟವರು ವ್ರತದ ಮರೆಯಲ್ಲಿ ಅಡಗುವುದೂ ಉಂಟು. ವ್ರತವನ್ನೂ ವ್ಯಾಧಿಯನ್ನೂ ಬಲ್ಲವರಷ್ಟೇ ಇವೆರಡನ್ನು ಬೇರ್ಪಡಿಸಬಲ್ಲರು.

ಅಂಥವರನ್ನು ಕರೆತರುವ ಹೊಣೆ ಪಂಚಕಲ್ಯಾಣದಲ್ಲಿ ಸವಾಲು ಕೂಗಿಸುವ ಬಸದಿ ಟ್ರಸ್ಟುಗಳದು. ಕನ್ನಡ, ಮರಾಠಿ ಬಲ್ಲ, ತರಬೇತಿ ಪಡೆದ ಸಮಾಲೋಚಕಿಯೊಬ್ಬರು ತಿಂಗಳಿಗೆರಡು ದಿನ ಬರಲಿ. ಒಳಹೊಕ್ಕವರು ಯಾರೆಂದು ನಾಲ್ವರಿಗೆ ಕಾಣದ ಕೋಣೆಯಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಉಪಗೂಹನಕ್ಕೆ ತಕ್ಕ ತಾಣ ಅದು. ಅಲ್ಲಿಯವರೆಗೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಕನ್ನಡದಲ್ಲೇ, ಉಚಿತವಾಗಿ ಆಲಿಸುತ್ತದೆ. ಆ ಸಂಖ್ಯೆಯನ್ನು ಬಸದಿಯ ಗೋಡೆಯ ಮೇಲೆ, ದಾನಿಗಳ ಹೆಸರುಗಳ ಪಕ್ಕದಲ್ಲಿ ಬರೆಸಲು ಯಾವ ಸಭೆಯ ಠರಾವೂ ಬೇಕಿಲ್ಲ.